ಜಗಲಿಯ ಲಾಟೀನಿಗೆ ವೆಬ್‌ಸೈಟ್ ಜೋಡಿಸಿದ್ದು

ಹೊಸನಗರ ತಾಲ್ಲೂಕಿನಲ್ಲಿರುವ ನಮ್ಮ ಚಿಕ್ಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅದಕ್ಕೊಂದು ಸಣ್ಣ ವೆಬ್‌ಸೈಟ್ ಇದೆ. ಶಿವಮೊಗ್ಗದಲ್ಲಿ ಕೂತು ನಾನೇ ಮಾಡಿಕೊಟ್ಟಿದ್ದು. ಮಾಳಂಜಿ, ಅನಂತಭಟ್ಟನ ಅಪ್ಪೆ, ಜೀರಿಗೆ ಮಿಡಿ ಅಂತ ಒಂದೊಂದಕ್ಕೆ ಒಂದು ಪುಟ, ನಾಲ್ಕಾರು ಫೋಟೊ, ವಾಟ್ಸಾಪ್‌ನಲ್ಲಿ ಆರ್ಡರ್ ಕೊಡಲು ಒಂದು ಬಟನ್. ಅಷ್ಟೇ.

ಅಂಗಡಿಗೆ ಗಿರಾಕಿ ಬಂದರೆ ಕಣ್ಣಿಗೆ ಕಾಣುತ್ತದೆ. ಕೊಳ್ಳದೆ ಹೋದರೂ ಬಂದದ್ದಂತೂ ಗೊತ್ತಾಗುತ್ತದೆ. ವೆಬ್‌ಸೈಟಿನಲ್ಲಿ ಆ ಸುಖ ಇಲ್ಲ. “ಅದನ್ನ ಯಾರಾದ್ರೂ ನೋಡ್ತಾರನಾ ಮಾರಾಯ?” ಅನ್ನುವುದು ಚಿಕ್ಕಮ್ಮನ ಖಾಯಂ ಪ್ರಶ್ನೆ. ಗ್ರಾಫು, ಪರ್ಸೆಂಟು ತೋರಿಸಿದರೆ ಅವರಿಗೆ ಬೇಜಾರು. ನನಗೂ ಅದು ಅಂಥ ಇಷ್ಟದ ಕೆಲಸ ಅಲ್ಲ. ಹಾಗಾಗಿ ಜಗಲಿಯಲ್ಲಿ ಒಂದು ದೀಪ ಇಟ್ಟು, ಸೈಟಿಗೆ ಜನ ಬಂದಾಗ ಅದು ಬೆಳಗುವಂತೆ ಮಾಡಿದೆ. ಹೇಗೆ ಮಾಡಿದೆ, ಯಾವ ಭಾಗವನ್ನು ಯಾಕೆ ಆರಿಸಿದೆ ಅನ್ನುವುದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಇದರ ಉಲ್ಟಾ ಕೆಲಸವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನವರು 1991ರಲ್ಲೇ ಮಾಡಿದ್ದರು. ಕಾಫಿ ಪಾತ್ರೆಯಲ್ಲಿ ಕಾಫಿ ಉಳಿದಿದೆಯಾ ಅಂತ ಎದ್ದು ಹೋಗದೇ ನೋಡಲು ಅದರ ಎದುರು ಒಂದು ಕ್ಯಾಮೆರಾ ಇಟ್ಟರು. 1993ರಲ್ಲಿ ಆ ಚಿತ್ರ ವೆಬ್‌ಗೂ ಬಂತು. ಅಲ್ಲಿ ಕೋಣೆಯ ವಸ್ತು ನೆಟ್‌ನಲ್ಲಿ ಕಂಡಿತು. ಇಲ್ಲಿ ನೆಟ್‌ನಲ್ಲಿ ಆಗುವುದು ಜಗಲಿಯಲ್ಲಿ ಕಾಣಬೇಕು.

ಕತ್ತಲೆಗೆ ಒಂದೇ ಅರ್ಥ

ಇಂಥ ದೀಪ ಮಾಡುವ ವಿಧಾನ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ಹೆಚ್ಚಿನವು ಒಂದೇ ರೀತಿ. ಜನ ಬಂದರೆ ದೀಪ ಹೊತ್ತುತ್ತದೆ, ಇಲ್ಲದಿದ್ದರೆ ಆರಿರುತ್ತದೆ. ಪಟ್ಟಣದ ಆಫೀಸಿನಲ್ಲಿ ಅದು ನಡೆಯಬಹುದು. ಮಲೆನಾಡಿನ ಮನೆಗೆ ಅದು ಆಗಿಬರುವುದಿಲ್ಲ.

ಯಾಕೆ ಅಂದರೆ, ಲಿಂಗನಮಕ್ಕಿಯ ಹಿನ್ನೀರು, ಮಾಣಿ, ಚಕ್ರಾ, ಸಾವೆಹಕ್ಕಲು ಅಣೆಕಟ್ಟು ಎಲ್ಲ ಇಟ್ಟುಕೊಂಡು ನಾಡಿಗೆ ಕರೆಂಟ್ ಕೊಡುವ ತಾಲ್ಲೂಕು ಇದು. ಆದರೂ ಮಳೆಗಾಲದಲ್ಲಿ ಒಂದು ಮರ ತಂತಿ ಮೇಲೆ ಬಿತ್ತೆಂದರೆ ನಮ್ಮ ಮನೆ ಕತ್ತಲು. ಕರೆಂಟ್ ಇದ್ದರೂ ಕೊಂಬೆ ಬಿದ್ದು ಫೈಬರ್ ಕೇಬಲ್ ಕಡಿದಿರಬಹುದು. ಕೇಬಲ್ ಸರಿ ಇದ್ದರೂ ರೂಟರ್ ಕಚ್ಚಿಕೊಂಡು ಕೂತಿರಬಹುದು. ಅದೂ ಸರಿ ಇದ್ದರೆ ಸರ್ವರ್ ಮಲಗಿರಬಹುದು. ದೀಪ ಆರಿದೆ ಅಂದರೆ ಯಾರೂ ಬಂದಿಲ್ಲ ಅಂತಲೋ, ಬಂದದ್ದು ತಿಳಿಯುತ್ತಿಲ್ಲ ಅಂತಲೋ? ಇವೆರಡೂ ಒಂದೇ ರೀತಿ ಕಂಡರೆ ಆ ದೀಪ ಇಲ್ಲದಿರುವುದೇ ವಾಸಿ.

ಆದ್ದರಿಂದ ಮೊದಲೇ ಒಂದು ನಿಯಮ ಮಾಡಿಕೊಂಡೆ. ಪೂರ್ತಿ ಕತ್ತಲೆ ಅಂದರೆ ದೀಪಕ್ಕೆ ಕರೆಂಟ್ ಇಲ್ಲ, ಬೇರೆ ಯಾವ ಅರ್ಥವೂ ಇಲ್ಲ. ಸೈಟಿನಲ್ಲಿ ಯಾರೂ ಇಲ್ಲದಾಗಲೂ ಲಾಟೀನಿನ ಬತ್ತಿ ಸಣ್ಣ ಮಾಡಿಟ್ಟಷ್ಟು ಬೆಳಕು ಇರಬೇಕು. ಕೆಳಗಿನ ಅರ್ಧ ಕೆಲಸ ಈ ಒಂದು ನಿಯಮದಿಂದ ಹುಟ್ಟಿದ್ದು.

ಯಾರನ್ನು ಗಿರಾಕಿ ಅಂತ ಎಣಿಸುವುದು?

ಸೈಟ್ ಇರುವುದು ಬಾಡಿಗೆಯ ಒಂದು ಸಣ್ಣ ಸರ್ವರ್‌ನಲ್ಲಿ. ಪುಟಗಳನ್ನು ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ತಂತ್ರಾಂಶ ಕಳಿಸುತ್ತದೆ. ಯಾರು ಯಾವ ಫೈಲು ಕೇಳಿದರು ಅಂತ ಅದು ಬರೆದಿಡುವ ಲಾಗ್ ಫೈಲಿನಲ್ಲಿ ಹೊಸ ಸಾಲು ಬಂದಾಗಲೆಲ್ಲ ದೀಪಕ್ಕೆ ಸುದ್ದಿ ಕಳಿಸುವುದು ಸುಲಭದ ದಾರಿ. ಆದರೆ ಯಾವುದೇ ಸೈಟಿನ ಲಾಗ್ ತೆರೆದು ಹತ್ತು ನಿಮಿಷ ನೋಡಿ, ಆ ಆಸೆ ಬಿಟ್ಟುಹೋಗುತ್ತದೆ. ಸರ್ಚ್ ಎಂಜಿನ್‌ಗಳ ಬಾಟ್‌ಗಳು, ಅಂದರೆ ತಾವಾಗಿಯೇ ಪುಟ ಓದುವ ಪ್ರೋಗ್ರಾಮ್‌ಗಳು, ಬರುತ್ತವೆ. ವರ್ಡ್‌ಪ್ರೆಸ್ಸೇ ಇಲ್ಲದ ಸೈಟಿನಲ್ಲಿ ವರ್ಡ್‌ಪ್ರೆಸ್ ಲಾಗಿನ್ ಪುಟ ಹುಡುಕಿಕೊಂಡು ಕಳ್ಳ ಪ್ರೋಗ್ರಾಮ್‌ಗಳು ಬರುತ್ತವೆ. ಯಾರೋ ಲಿಂಕನ್ನು ವಾಟ್ಸಾಪ್‌ನಲ್ಲಿ ಹಾಕಿದರೆ ಅದರ ಪ್ರಿವ್ಯೂ ಚಿತ್ರಕ್ಕೆ ಇನ್ನೊಂದು ಸಾಲು. ಅದಲ್ಲದೆ ನಿಜವಾದ ಮನುಷ್ಯ ಒಬ್ಬ ಒಂದು ಪುಟ ತೆರೆದರೂ ಫೋಟೊ, ಸ್ಟೈಲ್ ಫೈಲು, ಐಕಾನ್ ಅಂತ ಹತ್ತಾರು ಸಾಲು ಬೀಳುತ್ತವೆ. ಅದನ್ನು ನಂಬಿದರೆ ಲಾಟೀನು ರಾತ್ರಿಯಿಡೀ ದೀಪಾವಳಿ ಮಾಡುತ್ತದೆ. ಚಿಕ್ಕಮ್ಮ ಖುಷಿಪಡುತ್ತಾರೆ, ಸುಳ್ಳೇ ಸುಳ್ಳು ಖುಷಿ.

ಅದಕ್ಕೇ ಲಾಗ್ ಬಿಟ್ಟು, ಪುಟದಲ್ಲೇ, ನೋಡುವವರ ಬ್ರೌಸರ್‌ನಲ್ಲಿ ಓಡುವ ನಾಲ್ಕು ಸಾಲಿನ ಜಾವಾಸ್ಕ್ರಿಪ್ಟ್ ಕೋಡ್ ಹಾಕಿದೆ. ಕೋಡ್ ಓಡಿಸದ ಬಾಟ್‌ಗಳು ಅಲ್ಲಿಗೇ ಜರಡಿ ಹಿಡಿದು ಹೋಗುತ್ತವೆ. ಆದರೆ ಗೂಗಲ್ ಬಾಟ್‌ನಂಥವು ಜಾವಾಸ್ಕ್ರಿಪ್ಟನ್ನೂ ಓಡಿಸುತ್ತವೆ. ಅವಕ್ಕೆ ಇನ್ನೊಂದು ಜರಡಿ ಬೇಕು. ಪುಟ ಎಂಟು ಸೆಕೆಂಡ್ ನಿಜವಾಗಿ ಪರದೆಯ ಮೇಲೆ ಕಾಣುತ್ತಿರಬೇಕು. ಹಿಂದೆ ಅಡಗಿರುವ ಟ್ಯಾಬ್ ಲೆಕ್ಕಕ್ಕಿಲ್ಲ. ಬ್ರೌಸರ್‌ನ ‘ವಿಸಿಬಿಲಿಟಿ ಸ್ಟೇಟ್’ ಅದನ್ನು ಹೇಳುತ್ತದೆ. ಜೊತೆಗೆ ಒಮ್ಮೆಯಾದರೂ ಬೆರಳು ತಾಗಿರಬೇಕು ಅಥವಾ ಪುಟ ಸರಿದಿರಬೇಕು. ಎರಡೂ ಆದರೆ ಮಾತ್ರ ಸುದ್ದಿ ಹೋಗುತ್ತದೆ. ಎಂಟೇ ಸೆಕೆಂಡ್ ಯಾಕೆ ಅಂತ ಕೇಳಿದರೆ ಶಾಸ್ತ್ರ ಏನೂ ಇಲ್ಲ. ತಪ್ಪಿ ಒತ್ತಿದವರು ಅಷ್ಟರಲ್ಲಿ ಹಿಂದೆ ಹೋಗಿರುತ್ತಾರೆ.

ಸುದ್ದಿ ಕಳಿಸಲು ‘ಸೆಂಡ್ ಬೀಕನ್’ ಬಳಸಿದೆ. ಉತ್ತರಕ್ಕೆ ಕಾಯದೇ ಸುಮ್ನೆ ಒಂದು ಪುಟ್ಟ ಚೀಟಿ ಎಸೆಯುವ ಕೆಲಸ ಅದರದ್ದು. ಅದೇ ಕ್ಷಣಕ್ಕೆ ಪುಟ ಮುಚ್ಚಿದರೂ ಚೀಟಿ ಸಾಮಾನ್ಯವಾಗಿ ತಲುಪುತ್ತದೆ. ಒಂದು ಟ್ಯಾಬ್‌ನಿಂದ ಒಂದೇ ಸಲ ಹೋಗಲಿ ಅಂತ ಬ್ರೌಸರ್‌ನ ‘ಸೆಷನ್ ಸ್ಟೋರೇಜ್’ನಲ್ಲಿ ಒಂದು ಗುರುತು ಇಟ್ಟೆ.

ನೆಟ್‌ನಲ್ಲಿ ಸಂಪರ್ಕಕ್ಕೆ ಸಿಗುವ ಸಂಖ್ಯೆ, ಅಂದರೆ ಐಪಿ ವಿಳಾಸ ನೋಡಿ ಎಣಿಸಿದರೆ ಆಗದೇ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಅನೇಕ ಜನ ಒಂದೇ ಐಪಿಯ ಹಿಂದೆ ಇರುತ್ತಾರೆ. ಸಾಗರದಲ್ಲಿ ನಾಲ್ಕು ಜನ ನೋಡಿದರೆ ಒಬ್ಬರೇ ಬಂದಂತೆ ಕಾಣಬಹುದು. ಅದೂ ಅಲ್ಲದೆ, ಉಪ್ಪಿನಕಾಯಿ ನೋಡಲು ಬಂದವರ ವಿಳಾಸ ಇಟ್ಟುಕೊಂಡು ನಾನೇನು ಮಾಡಲಿ? ಚೀಟಿಯಲ್ಲಿ ಇರುವುದು ಪುಟದ ಹೆಸರು ಮಾತ್ರ.

ನಮ್ಮ ಮನೆಯವರ ಫೋನ್‌ಗಳನ್ನು ಹೊರಗಿಡುವುದು ಬಹಳ ಮುಖ್ಯ. ದೀಪ ಬಂದ ಮೇಲೆ ಅದು ಹೊತ್ತುತ್ತದಾ ಅಂತ ನೋಡಲು ಮನೆಮಂದಿಯೆಲ್ಲ ಸೈಟ್ ತೆರೆಯುತ್ತಾರೆ, ಅಲ್ವಾ? ಯಾರಿಗೂ ಕೊಡದ ಒಂದು ಗುಟ್ಟಿನ ಪುಟ ಮಾಡಿದೆ. ಅದನ್ನು ಒಮ್ಮೆ ತೆರೆದ ಫೋನಿನಲ್ಲಿ ಒಂದು ಗುರುತು ಉಳಿಯುತ್ತದೆ. ಆಮೇಲೆ ಆ ಫೋನಿನಿಂದ ಚೀಟಿ ಹೋಗುವುದಿಲ್ಲ.

ದೀಪಕ್ಕೆ ಫೋನ್ ಮಾಡಲು ಬರುವುದಿಲ್ಲ

ಸರ್ವರ್‌ಗೆ ಚೀಟಿ ಬಂತು. ಈಗ ಅದನ್ನು ಹೊಸನಗರದ ಜಗಲಿಗೆ ಮುಟ್ಟಿಸಬೇಕು. ಮನೆಯ ಇಂಟರ್‌ನೆಟ್‌ಗೆ ತನ್ನದೇ ಆದ ಹೊರಗಿನ ವಿಳಾಸ ಇಲ್ಲ. ಕಂಪನಿಯವರ ನ್ಯಾಟ್ ಅನ್ನುವ ವಿಳಾಸ ಹಂಚುವ ಏರ್ಪಾಡಿನ ಹಿಂದೆ ಹತ್ತಾರು ಮನೆ ಸೇರಿ ಒಂದು ವಿಳಾಸ. ಹಾಗಾಗಿ ಸರ್ವರ್ ತಾನಾಗಿ ದೀಪವನ್ನು ಕರೆಯಲು ಆಗುವುದಿಲ್ಲ. ದೀಪವೇ ಸರ್ವರ್‌ಗೆ ಕರೆ ಮಾಡಿ ಲೈನ್ ಹಿಡಿದುಕೊಂಡಿರಬೇಕು.

ಹತ್ತು ಸೆಕೆಂಡಿಗೊಮ್ಮೆ “ಯಾರಾದ್ರೂ ಬಂದ್ರಾ?” ಅಂತ ಕೇಳುವುದು ಒಂದು ದಾರಿ. ಅಂದರೆ ದಿನಕ್ಕೆ 8,640 ಸಲ ಹೊಸದಾಗಿ ಸಂಪರ್ಕ ಮಾಡಿ, ಕೀಲಿ ವಿನಿಮಯ ಮಾಡಿ, ಇಲ್ಲ ಅನ್ನಿಸಿಕೊಂಡು ಬರುವುದು. ನಾನು ಎಂಕ್ಯೂಟಿಟಿ ಆರಿಸಿಕೊಂಡೆ, ಸಣ್ಣ ಯಂತ್ರಗಳು ಸುದ್ದಿ ಹಂಚಿಕೊಳ್ಳುವ ಒಂದು ನಿಯಮಾವಳಿ. ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ 1999ರಲ್ಲಿ ಇದನ್ನು ಮಾಡಿದ್ದು ಎಣ್ಣೆ ಪೈಪ್‌ಲೈನ್‌ಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು. ದುಬಾರಿ, ನಿಧಾನ, ಆಗಾಗ ಕಡಿಯುವ ಲೈನು. ನಮ್ಮ ಊರಿಗೆ ಹೇಳಿ ಮಾಡಿಸಿದ್ದು ಬಿಡಿ. ಒಮ್ಮೆ ಸಂಪರ್ಕ ಆದರೆ ಅದನ್ನೇ ಹಿಡಿದಿರುತ್ತದೆ. ಇದ್ದೇನೆ ಅಂತ ಹೇಳಲು ಕಳಿಸುವ ಪಿಂಗ್ ಬರೀ 2 ಬೈಟ್. ನಾನು ಅದನ್ನು 30 ಸೆಕೆಂಡಿಗೊಮ್ಮೆ ಇಟ್ಟಿದ್ದೇನೆ. ಅದರ ಒಂದೂವರೆ ಪಟ್ಟು ಹೊತ್ತು, ಅಂದರೆ 45 ಸೆಕೆಂಡ್ ಸದ್ದಿಲ್ಲದಿದ್ದರೆ ಬ್ರೋಕರ್, ಅಂದರೆ ನಡುವೆ ಕೂತು ಸುದ್ದಿ ಹಂಚುವ ಪ್ರೋಗ್ರಾಮ್, ದೀಪ ಹೋಯಿತು ಅಂತ ತೀರ್ಮಾನಿಸುತ್ತದೆ. ಸುಮ್ಮನಿರುವ ಸಂಪರ್ಕವನ್ನು ರೂಟರ್‌ಗಳು ಹೇಳದೇ ಕೇಳದೇ ಮರೆತುಬಿಡುತ್ತವೆ. ಈ ಪಿಂಗ್ ಅದನ್ನೂ ತಪ್ಪಿಸುತ್ತದೆ.

ಬ್ರೋಕರ್ ಆಗಿ ಮಸ್ಕಿಟೊ ಅನ್ನುವ ತಂತ್ರಾಂಶವನ್ನು ಅದೇ ಸರ್ವರ್‌ನಲ್ಲಿ ಹಾಕಿದೆ. ಚೀಟಿ ತೆಗೆದುಕೊಂಡು ಮಸ್ಕಿಟೊಗೆ ಕೊಡುವುದು ಪೈಥಾನ್‌ನ ಒಂದು ಸಣ್ಣ ಪ್ರೋಗ್ರಾಮ್. ಮೊದಲ ಪರೀಕ್ಷೆಗೆ ಮಸ್ಕಿಟೊದವರೇ ನಡೆಸುವ ಸಾರ್ವಜನಿಕ ಬ್ರೋಕರ್ ಸಾಕು. ಆದರೆ ಅಲ್ಲಿ ಹೋಗುವುದನ್ನು ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ನಿಮ್ಮ ದೀಪ ಹೊತ್ತಿಸಬಹುದು. ಅಲ್ಲೇ ಬಿಟ್ಟುಬಿಡಬೇಡಿ. ಇನ್ನೊಂದು ವಿಷಯ. ಬ್ರೌಸರ್‌ನಿಂದಲೇ ವೆಬ್‌ಸಾಕೆಟ್ ಅನ್ನುವ ತೆರೆದಿಟ್ಟ ಸಂಪರ್ಕದ ಮೂಲಕ ನೇರವಾಗಿ ಬ್ರೋಕರ್‌ಗೆ ಸುದ್ದಿ ಕಳಿಸಿ ಅಂತ ಹೇಳಿಕೊಡುವವರಿದ್ದಾರೆ. ನಡುವಿನ ಪೈಥಾನ್ ಬೇಡವಾಗುತ್ತದೆ, ನಿಜ. ಆದರೆ ಬ್ರೋಕರ್‌ನ ಪಾಸ್‌ವರ್ಡ್ ಪುಟದ ಸೋರ್ಸ್‌ನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮಲ್ಲಿ ದೀಪದ ಲಾಗಿನ್‌ಗೆ ಕೇಳಿಸಿಕೊಳ್ಳುವ ಹಕ್ಕು ಮಾತ್ರ ಇದೆ, ಹೇಳುವ ಹಕ್ಕು ಪೈಥಾನ್‌ಗೆ ಮಾತ್ರ. ತುಂಟರು ಚೀಟಿ ಎಸೆಯುತ್ತಲೇ ಇರಬಾರದು ಅಂತ ಎಂಜಿನ್‌ಎಕ್ಸ್‌ನಲ್ಲಿ ವೇಗದ ಮಿತಿಯನ್ನೂ ಹಾಕಿದೆ.

ಒಂದು ಮಜಾ ಸಂಗತಿ. ಎಂಕ್ಯೂಟಿಟಿಯಲ್ಲಿ ಪ್ರತಿ ಸುದ್ದಿಯೂ ಒಂದು ಟಾಪಿಕ್, ಅಂದರೆ ವಿಷಯದ ಹೆಸರಿನಡಿ ಹೋಗುತ್ತದೆ. ಆ ಹೆಸರು ಯುಟಿಎಫ್ 8ರಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗವಿರುವ ಸಂಕೇತದಲ್ಲಿ ಇರುತ್ತದೆ. ಅಂದರೆ ಕನ್ನಡದಲ್ಲೇ ಇಡಬಹುದು. ನನ್ನ ಟಾಪಿಕ್ ‘ಜಗಲಿ/ದೀಪ’. ಕನ್ನಡದ ಒಂದೊಂದು ಅಕ್ಷರ, ಗುಣಿತದ ಒಂದೊಂದು ಚಿಹ್ನೆ 3 ಬೈಟ್ ತಿನ್ನುವುದರಿಂದ ಇದು ಒಟ್ಟು 22 ಬೈಟ್. ಯಾರಿಗೂ ಭಾರವಾಗಲಿಲ್ಲ.

ಬಂದವರ ಸುದ್ದಿಯನ್ನು ‘ರಿಟೇನ್’ ಮಾಡಿಸಬಾರದು. ರಿಟೇನ್ ಅಂದರೆ ಕೊನೆಯ ಸುದ್ದಿಯನ್ನು ಬ್ರೋಕರ್ ಇಟ್ಟುಕೊಂಡು, ಹೊಸದಾಗಿ ಬಂದವರಿಗೆ ಕೊಡುವುದು. ಹಾಗೆ ಮಾಡಿದರೆ ಕರೆಂಟ್ ಹೋಗಿ ಬಂದಾಗಲೆಲ್ಲ ನಿನ್ನೆಯ ಗಿರಾಕಿ ಮತ್ತೆ ಬಂದಂತೆ ದೀಪ ಹೊತ್ತುತ್ತದೆ. ತಲುಪಿಸುವ ಖಾತರಿಯ ಮಟ್ಟ, ಅಂದರೆ ಕ್ಯೂಒಎಸ್, ಸೊನ್ನೆ ಸಾಕು, ಸಿಕ್ಕರೆ ಸಿಕ್ಕಿತು. ಆದರೆ ಇವತ್ತು ಒಟ್ಟು ಎಷ್ಟು ಜನ ಬಂದರು ಅನ್ನುವ ಸಂಖ್ಯೆ ಬೇರೆ ಟಾಪಿಕ್‌ನಲ್ಲಿದೆ, ಅದಕ್ಕೆ ರಿಟೇನ್ ಬೇಕೇ ಬೇಕು. “ಕರೆಂಟ್ ಇಲ್ದೇ ಇದ್ದಾಗ ಬಂದೋರು?” ಅಂತ ಚಿಕ್ಕಮ್ಮ ಕೇಳಿದ ಮೇಲೆ ಸೇರಿಸಿದ್ದು. ಸರಿಯಾದ ಪ್ರಶ್ನೆ ಅದು. ಲಾಟೀನಿನ ಬುಡದಲ್ಲಿ ಒಂದು ಬಟನ್ ಇದೆ. ಒತ್ತಿದರೆ ದೀಪದ ಹನ್ನೆರಡು ಚುಕ್ಕಿಗಳಲ್ಲಿ ಇವತ್ತು ಬಂದವರಷ್ಟು ಬೆಳಗುತ್ತವೆ, ಹನ್ನೆರಡು ದಾಟಿದರೆ ಎಲ್ಲವೂ.

ಬೋರ್ಡು, ಬೆಳಕು, ಒಂದು ಡಯೋಡು

ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇತ್ತು, ಆದರೂ ಬಳಸಲಿಲ್ಲ. ನಮ್ಮಲ್ಲಿ ಗುಡುಗು ಶುರುವಾದರೆ ಮನೆಯಲ್ಲಿ ಯಾರಿರುತ್ತಾರೋ ಅವರು ಹೋಗಿ ಪ್ಲಗ್‌ಗಳನ್ನೆಲ್ಲ ಕೀಳುತ್ತಾರೆ. ಏಪ್ರಿಲ್, ಮೇ ಸಂಜೆಗಳಲ್ಲಿ ಇದು ದಿನಚರಿ. ಶಟ್‌ಡೌನ್ ಮಾಡಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಲೂ ಬಾರದು, ಸಿಡಿಲು ಕಾಯುವುದಿಲ್ಲ. ಹೀಗೆ ಕಿತ್ತು ಕಿತ್ತು ಹಾಕಿದರೆ ಪೈನ ಮೆಮೊರಿ ಕಾರ್ಡ್ ಒಂದಲ್ಲ ಒಂದು ದಿನ ಕೆಡುತ್ತದೆ. ವೈಫೈ ಇರುವ ಸಣ್ಣ ನೋಡ್‌ಎಂಸಿಯು ಬೋರ್ಡಿಗೆ ಆ ತಾಪತ್ರಯ ಇಲ್ಲ. ಅದರಲ್ಲಿರುವುದು ಇಎಸ್‌ಪಿ8266 ಚಿಪ್. ಕಿತ್ತರೆ ಸಾಯುತ್ತದೆ, ಚುಚ್ಚಿದರೆ ಒಂದೆರಡು ಸೆಕೆಂಡಿನಲ್ಲಿ ಏಳುತ್ತದೆ. 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು ಅದಕ್ಕೆ. ಜಂಬಿಟ್ಟಿಗೆ ಗೋಡೆಯ ಮನೆಯಲ್ಲಿ ಹೇಗೂ 5 ಗಿಗಾಹರ್ಟ್ಸ್ ಜಗಲಿಯವರೆಗೆ ಬರುವುದು ಕಷ್ಟ.

230 ವೋಲ್ಟ್ ಬಲ್ಬಿಗೆ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್, ಹಾಕಿದರೆ ಸುಲಭ ಅಂತ ಕೆಲವರು ಹೇಳಿದರು. ಮಳೆಗಾಲದ ಜಗಲಿಯ ತೇವದಲ್ಲಿ, ಮಕ್ಕಳು ಮುಟ್ಟುವ ಲಾಟೀನಿನ ತಗಡಿನೊಳಗೆ ಆ ವೋಲ್ಟೇಜ್ ಬೇಡ. ರಿಲೇಗೆ ಸಣ್ಣ ಬತ್ತಿಯೂ ಗೊತ್ತಿಲ್ಲ, ಇದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ.

ಹನ್ನೆರಡು ಎಲ್‌ಇಡಿ ಇರುವ ಡಬ್ಲ್ಯುಎಸ್2812ಬಿ ಉಂಗುರ ತಂದೆ, ಒಂದೊಂದು ಎಲ್‌ಇಡಿಗೂ ಬೇರೆ ಬೇರೆ ಬಣ್ಣ ಹೇಳಬಹುದು. ಒಂದೊಂದು ಎಲ್‌ಇಡಿ ಪೂರ್ತಿ ಬಿಳಿಯಾಗಿ ಉರಿದರೆ 60 ಮಿಲಿಆಂಪ್‌ವರೆಗೆ ಎಳೆಯುತ್ತದೆ. ಹನ್ನೆರಡಕ್ಕೆ 720. ನಮಗೆ ಅಷ್ಟು ಬೆಳಕು ಬೇಡ, ಕೋಡ್‌ನಲ್ಲೇ ಮಿತಿ ಹಾಕಿದೆ. ಹಳೆಯ ಫೋನ್ ಚಾರ್ಜರ್ ಧಾರಾಳವಾಗಿ ಸಾಕು.

ಇಲ್ಲಿ ಗಮನಿಸಬೇಕಾದದ್ದು ವೋಲ್ಟೇಜ್ ಲೆಕ್ಕ. ಉಂಗುರ ನಡೆಯುವುದು 5 ವೋಲ್ಟ್‌ನಲ್ಲಿ. ಡೇಟಾ ತಂತಿಯಲ್ಲಿ ಬಂದದ್ದು ಸೊನ್ನೆಯಲ್ಲ, ‘1’ ಅಂತ ಒಪ್ಪಿಕೊಳ್ಳಲು ಅದಕ್ಕೆ ಪೂರೈಕೆಯ 0.7 ಪಾಲು, ಅಂದರೆ 3.5 ವೋಲ್ಟ್ ಬೇಕು. ನೋಡ್‌ಎಂಸಿಯು ಕೊಡುವುದು 3.3. ಮೇಜಿನ ಮೇಲೆ ಇದು ನಡೆದೂ ನಡೆಯಬಹುದು. ಆಮೇಲೆ ಒಂದು ದಿನ ಬಣ್ಣ ಚೆಲ್ಲಾಪಿಲ್ಲಿ. ಸಿಗ್ನಲ್‌ನ ವೋಲ್ಟೇಜ್ ಏರಿಸುವ ಲೆವೆಲ್ ಶಿಫ್ಟರ್ ಹಾಕುವುದು ಸರಿಯಾದ ದಾರಿ. ಆದರೆ ಟಿವಿ ರಿಪೇರಿ ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ಸಿಗುವ 1ಎನ್4007 ಡಯೋಡ್ ಕೂಡ ಸಾಕು. ಅದನ್ನು ಉಂಗುರದ 5 ವೋಲ್ಟ್ ತಂತಿಗೆ ಸರಣಿಯಲ್ಲಿ ಹಾಕಿದರೆ ಸುಮಾರು 0.7 ವೋಲ್ಟ್ ಇಳಿಯುತ್ತದೆ. ಉಂಗುರಕ್ಕೆ ಸಿಗುವುದು 4.3. ಅದರ 0.7 ಪಾಲು 3 ವೋಲ್ಟ್ ಆಸುಪಾಸು. ಈಗ 3.3 ಧಾರಾಳ. ಬೆಳಕು ಕಡಿಮೆಯಾಗಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಡೇಟಾ ತಂತಿಗೆ 330 ಓಮ್ ರೆಸಿಸ್ಟರ್, ಉಂಗುರದ ಪ್ಲಸ್ ಮೈನಸ್ ನಡುವೆ 1000 ಮೈಕ್ರೊಫ್ಯಾರಡ್ ಕೆಪಾಸಿಟರ್. ಕೆಪಾಸಿಟರ್‌ನ ಮೈನಸ್ ಕಾಲು ನೋಡಿಕೊಂಡು ಹಾಕಿ.

ಡೇಟಾ ಡಿ4 ಪಿನ್‌ನಿಂದ ಹೋಗುತ್ತದೆ. ಎಲ್‌ಇಡಿ ನಡೆಸುವ ಸಿದ್ಧ ಕೋಡ್ ಆದ ನಿಯೊಪಿಕ್ಸೆಲ್‌ಬಸ್ ಲೈಬ್ರರಿ ಆ ಪಿನ್‌ನಲ್ಲಿ ಯುಆರ್ಟ್ ಅನ್ನುವ, ಡೇಟಾ ಕಳಿಸಲೆಂದೇ ಚಿಪ್‌ನೊಳಗಿರುವ ಭಾಗವನ್ನೇ ಬಳಸಿಕೊಂಡು ಡೇಟಾ ಕಳಿಸುತ್ತದೆ. ವೈಫೈ ಕೆಲಸದ ನಡುವೆ ಬಣ್ಣ ಮಿಣುಕುವುದು ಹೀಗೆ ಮಾಡಿದರೆ ಬಹಳ ಕಡಿಮೆ. ಬಟನ್ ಡಿ5ಗೆ ಹೋಯಿತು. ಡಿ3, ಡಿ8ಗಳನ್ನು ಮುಟ್ಟಲಿಲ್ಲ. ಅವು ಚಿಪ್ ಏಳುವ ಹೊತ್ತಿಗೆ ಯಾವ ಸ್ಥಿತಿಯಲ್ಲಿವೆ ಅನ್ನುವುದರ ಮೇಲೆ ಅದು ಏಳುವುದೋ ಇಲ್ಲವೋ ನಿಂತಿರುತ್ತದೆ.

ಲಾಟೀನಿನ ಕೆಲಸ

ಅಟ್ಟದ ಮೇಲಿದ್ದ ಹಳೇ ಸೀಮೆಎಣ್ಣೆ ಲಾಟೀನು. ಗಾಜಿನ ಮಸಿ ಬೂದಿ ಹಾಕಿ ಉಜ್ಜಿದರೆ ಹೋಯಿತು. ತುಕ್ಕಿಗೆ ಸ್ಯಾಂಡ್ ಪೇಪರ್, ಮೇಲೆ ಒಂದು ಕೋಟ್ ಕಪ್ಪು ಪೇಂಟು. ಬರ್ನರ್ ತೆಗೆದು ಆ ಜಾಗದಲ್ಲಿ ಉಂಗುರ ಕೂರಿಸಿದೆ. ಬರೀ ಎಲ್‌ಇಡಿ ಕಣ್ಣಿಗೆ ಚುಚ್ಚುತ್ತದೆ, ಆದ್ದರಿಂದ ಗಾಜಿನ ಒಳಗೆ ಬಟರ್ ಪೇಪರ್‌ನ ಒಂದು ಸುರುಳಿ. ಇಷ್ಟರಿಂದಲೇ ಅದು ಆಟಿಕೆ ಅನ್ನಿಸದೆ ದೀಪ ಅನ್ನಿಸಿತು.

ಬೋರ್ಡನ್ನು ಎಣ್ಣೆ ಡಬ್ಬಿಯೊಳಗೆ ಬಚ್ಚಿಡಬೇಕು ಅನ್ನಿಸುತ್ತದೆ. ಬೇಡ. ಸುತ್ತ ತಗಡು ಇದ್ದರೆ ವೈಫೈ ಒಳಗೆ ಹೋಗುವುದಿಲ್ಲ. ಹಲಸಿನ ಹಲಗೆಯ ಒಂದು ಪೀಠ ಮಾಡಿಸಿ, ಅದರ ಅಡಿಯಲ್ಲಿ ಕೊರೆದ ಗೂಡಿನಲ್ಲಿ ಬೋರ್ಡ್ ಇಟ್ಟೆ. ಆಂಟೆನಾ ಇರುವ ತುದಿ ಹೊರಮುಖ. ಡಬ್ಬಿಯ ಮೂಲಕ ಬರುವುದು ಮೂರು ತಂತಿ ಮಾತ್ರ.

ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಸೋಲ್ಡರ್‌ಗೆ ಹಿಡಿಯುವುದಿಲ್ಲವೇ? ಸೋಲ್ಡರ್ ಮಾಡಿದ ಮೇಲೆ ಉಳಿದ ಫ್ಲಕ್ಸ್ ತೇವ ಎಳೆದುಕೊಳ್ಳುತ್ತದೆ, ತಾಮ್ರ ಹಸಿರಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಬ್ರಷ್‌ನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಜೋಡಣೆಗಳ ಮೇಲೆ ಬಣ್ಣವಿಲ್ಲದ ಉಗುರುಬಣ್ಣ ಬಳಿದೆ. ಯುಎಸ್‌ಬಿ ಬಾಯಿ ಮತ್ತು ಆಂಟೆನಾ ಬಿಟ್ಟು. ತಂತಿ ಹೋಗುವ ತೂತುಗಳಿಗೆಲ್ಲ ಎಂಸೀಲ್. ಇರುವೆ, ಹಲ್ಲಿಮರಿಗಳಿಗೆ ಬೆಚ್ಚನೆಯ ಸರ್ಕಿಟ್ ಬೋರ್ಡ್ ಎಂದರೆ ಪ್ರೀತಿ. ದೀಪದ ಹುಳಗಳಂತೂ ಮೊದಲ ಮಳೆಗೇ ಹಾಜರಿ. ಗಾಜಿನ ಮೇಲಿನ ಗಾಳಿಕಿಂಡಿಗೆ ಸೊಳ್ಳೆಪರದೆಯ ತುಂಡು ಅಂಟಿಸಿದೆ.

ಉಸಿರಾಟ

ಈಗ ಆ ಸಣ್ಣ ಬತ್ತಿಯ ಕಥೆ. ಯಾರೂ ಇಲ್ಲದಾಗ ಮಂದವಾದ ಹಳದಿ ಬೆಳಕು ಇರಲಿ ಅಂತ ಬಿಟ್ಟರೆ ಸಾಲದು. ಡಬ್ಲ್ಯುಎಸ್2812ಬಿ ಎಲ್‌ಇಡಿಗಳು ಕೊನೆಗೆ ಹೇಳಿದ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೋರ್ಡಿನ ಪ್ರೋಗ್ರಾಮ್ ಸತ್ತು ಮಲಗಿದ್ದರೂ ಕರೆಂಟ್ ಇರುವಷ್ಟು ಹೊತ್ತು ಅದೇ ಹಳದಿ ಉರಿಯುತ್ತಲೇ ಇರುತ್ತದೆ. ಅಲ್ಲಾಡದ ಬೆಳಕು ನಂಬಿಕೆಗೆ ಅರ್ಹ ಅಲ್ಲ. ಅದಕ್ಕೇ ಅದು ಉಸಿರಾಡಬೇಕು. ಆರು ಸೆಕೆಂಡಿಗೊಮ್ಮೆ ಮೆಲ್ಲಗೆ ಏರಿ ಇಳಿಯುತ್ತದೆ.

ಅದೂ ಸಾಲದು. ಉಸಿರಾಟ ಬೋರ್ಡಿನೊಳಗಿನ ಬರೀ ಲೂಪ್ ಆದರೆ, ಬೋರ್ಡ್ ಬದುಕಿದೆ ಅಂತ ಗೊತ್ತಾಗುತ್ತದೆಯೇ ಹೊರತು ಸೈಟ್ ಬದುಕಿದೆ ಅಂತ ಅಲ್ಲ. ಬ್ರೋಕರ್ ಜೊತೆ ಸಂಪರ್ಕ ಇದ್ದರೆ ಮಾತ್ರ ಉಸಿರಾಡು ಅನ್ನೋಣ. ಆಗ ಬ್ರೋಕರ್ ಇದ್ದು ಪೈಥಾನ್ ಸತ್ತಿದ್ದರೆ? ಅದಕ್ಕೆ ಪೈಥಾನ್ ಪ್ರೋಗ್ರಾಮೇ ನಿಮಿಷಕ್ಕೊಮ್ಮೆ ‘ಜಗಲಿ/ನಾಡಿ’ ಅನ್ನುವ ಟಾಪಿಕ್‌ಗೆ ಒಂದು ಸುದ್ದಿ ಕಳಿಸುತ್ತದೆ. ಪೈಥಾನ್ ಇದ್ದು ಸೈಟೇ ಬಿದ್ದಿದ್ದರೆ? ನಾಡಿ ಕಳಿಸುವ ಮುಂಚೆ ಆ ಪ್ರೋಗ್ರಾಮ್ ನಮ್ಮ ಸೈಟಿನ ಮುಖಪುಟವನ್ನು ಹೊರಗಿನವರಂತೆ ಹೆಸರು ಹಿಡಿದು, ಸೈಟಿನ ಗುರುತು ಖಚಿತಪಡಿಸುವ ಸರ್ಟಿಫಿಕೇಟ್ ಪರೀಕ್ಷಿಸಿ ತೆರೆದು ನೋಡುತ್ತದೆ. 200, ಅಂದರೆ ಎಲ್ಲ ಸರಿ, ಅಂತ ಉತ್ತರ ಬಂದರೆ ಮಾತ್ರ ನಾಡಿ. ಎರಡೂವರೆ ನಿಮಿಷ ನಾಡಿ ಸಿಗದಿದ್ದರೆ ಲಾಟೀನು ಹಳದಿ ಉಸಿರಾಟ ನಿಲ್ಲಿಸುತ್ತದೆ. ಅಂದರೆ ಜಗಲಿಯಲ್ಲಿ ಬೆಳಕು ಏರಿ ಇಳಿಯುತ್ತಿದ್ದರೆ ಕರೆಂಟು, ವೈಫೈ, ಕೇಬಲ್ಲು, ಬ್ರೋಕರ್, ಪ್ರೋಗ್ರಾಮು, ಪುಟ, ಸರ್ಟಿಫಿಕೇಟು ಎಲ್ಲವೂ ಸರಿ ಇವೆ, ಗಿರಾಕಿ ಮಾತ್ರ ಇಲ್ಲ. ನನಗೆ ಇಡೀ ಕೆಲಸದಲ್ಲಿ ಜಾಸ್ತಿ ತೃಪ್ತಿ ಕೊಟ್ಟಿದ್ದು ಇದೇ.

ಕೆಟ್ಟಾಗ ಏನಾಗಿದೆ ಅನ್ನುವುದು ಒಂದೇ ಎಲ್‌ಇಡಿಯ ಬಣ್ಣದಲ್ಲಿ ಗೊತ್ತಾಗುತ್ತದೆ. ನೀಲಿ ಅಂದರೆ ವೈಫೈ ಸಿಕ್ಕಿಲ್ಲ, ರೂಟರ್ ಆರಿಸಿ ಹಾಕಿ. ನೇರಳೆ ಅಂದರೆ ವೈಫೈ ಇದೆ, ಹೊರಗಿನ ದಾರಿ ಇಲ್ಲ, ಕೇಬಲ್‌ನವರಿಗೆ ಕಾಯಿರಿ. ಕೆಂಪು ಅಂದರೆ ನನಗೆ ಫೋನ್ ಮಾಡಿ. ಚಿಕ್ಕಮ್ಮನಿಗೆ ಇದನ್ನು ಬರೆದುಕೊಡಬೇಕಾಗಲಿಲ್ಲ. “ನೇರಳೆ ಬಂದಿದೆ, ಎಲ್ಲೋ ಮರ ಬಿದ್ದಿದೆ” ಅಂತ ಅವರೇ ಹೇಳುತ್ತಾರೆ.

ಕೋಡ್‌ನಲ್ಲಿ ಎರಡು ಕಡೆ ತಾಳ್ಮೆ ಬೇಕು. ಕರೆಂಟ್ ಬಂದಾಗ ದೀಪ ತಕ್ಷಣ ಏಳುತ್ತದೆ, ರೂಟರ್‌ಗೆ ನಿಮಿಷಗಟ್ಟಲೆ ಬೇಕು. ಆದ್ದರಿಂದ ವೈಫೈ ಸಿಗಲಿಲ್ಲ ಅಂತ ಕೈಬಿಡದೆ 5, 10, 20 ಸೆಕೆಂಡ್ ಹೀಗೆ ಅಂತರ ಹೆಚ್ಚಿಸುತ್ತಾ, ಕೊನೆಗೆ ನಿಮಿಷಕ್ಕೊಮ್ಮೆಯಂತೆ ಪ್ರಯತ್ನಿಸುತ್ತಲೇ ಇರಬೇಕು. ಬ್ರೋಕರ್‌ಗೆ ಸಂಪರ್ಕಿಸುವ ಹೊತ್ತಿನಲ್ಲಿ ಪ್ರೋಗ್ರಾಮ್ ಕೆಲವು ಸೆಕೆಂಡ್ ತಡೆದು ನಿಲ್ಲುತ್ತದೆ, ಅದಕ್ಕೇ ಆ ಪ್ರಯತ್ನಕ್ಕೆ ಮುಂಚೆಯೇ ನೇರಳೆ ಹಾಕಿಬಿಡುತ್ತೇನೆ. ಇನ್ನೊಂದು, ಗಡಿಯಾರ. ಸಂಪರ್ಕ 8883 ಪೋರ್ಟಿನಲ್ಲಿ, ಟಿಎಲ್‌ಎಸ್ ಅನ್ನುವ ಗೂಢಲಿಪಿ ವ್ಯವಸ್ಥೆಯ ಮೂಲಕ. ಸರ್ಟಿಫಿಕೇಟ್ ಚಾಲ್ತಿಯಲ್ಲಿದೆಯೇ ಅಂತ ನೋಡಲು ಬೋರ್ಡಿಗೆ ಇವತ್ತಿನ ತಾರೀಖು ಗೊತ್ತಿರಬೇಕು. ಅದರಲ್ಲಿ ಬ್ಯಾಟರಿ ಗಡಿಯಾರ ಇಲ್ಲ, ಎದ್ದಾಗ ಅದರ ಪಾಲಿಗೆ 1970. ಮೊದಲು ನೆಟ್‌ನ ಗಡಿಯಾರ ಸೇವೆಯಾದ ಎನ್‌ಟಿಪಿಯಿಂದ ಸಮಯ ತಂದು ಆಮೇಲೆ ಸಂಪರ್ಕ. ಸರ್ಟಿಫಿಕೇಟಿನ ಬೆರಳಚ್ಚನ್ನು ಕೋಡ್‌ನಲ್ಲಿ ಬರೆದಿಡುವ ಅಡ್ಡದಾರಿಯೂ ಇದೆ. ಆದರೆ ಉಚಿತ ಸರ್ಟಿಫಿಕೇಟ್‌ಗಳು ಸಾಮಾನ್ಯವಾಗಿ 90 ದಿನಕ್ಕೆ ಮುಗಿಯುತ್ತವೆ, ಹೊಸದು ಬಂದ ದಿನ ದೀಪಕ್ಕೆ ನೇರಳೆ. ಬೆರಳಚ್ಚಿನ ಬದಲು, ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಮೂಲ ಸರ್ಟಿಫಿಕೇಟನ್ನು ಬೋರ್ಡಿನಲ್ಲಿ ಇಟ್ಟೆ.

ಜನ ಬಂದಾಗ

ಬಂದ ಒಬ್ಬೊಬ್ಬರಿಗೂ ಒಂದೊಂದು ಎಲ್‌ಇಡಿ. ಕೆಂಡದ ಬಣ್ಣದಲ್ಲಿ ಹೊತ್ತಿ, ಮೂರು ನಿಮಿಷದಲ್ಲಿ ನಿಧಾನವಾಗಿ ಇಳಿಯುತ್ತದೆ. ಮಿಂಚುವುದಿಲ್ಲ, ಸದ್ದಿಲ್ಲ. ಒಂದೇ ದೀಪ ಹತ್ತು ಸಲ ಮಿಟುಕಿದರೆ ತಲೆನೋವು. ಹೀಗೆ ಮಾಡಿದರೆ ಉಂಗುರ ಎಷ್ಟು ತುಂಬಿದೆ ಅನ್ನುವುದೇ ಈಗ ಎಷ್ಟು ಜನ ಇದ್ದಾರೆ ಅಂತ ಹೇಳುತ್ತದೆ. ಯಾರೋ ಬೆಂಗಳೂರಿನ ನೆಂಟರು ತಮ್ಮ ಗುಂಪಿನಲ್ಲಿ ಲಿಂಕ್ ಹಾಕಿದರೆ ಒಂದು ಕಡೆಯಿಂದ ತುಂಬಿಕೊಂಡು ಬರುತ್ತದೆ. ನೋಡಲು ಚಂದ. ಆರ್ಡರ್ ಬಟನ್ ಒತ್ತಿದರೆ ಇಡೀ ಉಂಗುರ ಹಸಿರು, ಅರ್ಧ ನಿಮಿಷ. ಬಟನ್ ಒತ್ತಿದವರೆಲ್ಲ ಆರ್ಡರ್ ಕಳಿಸುವುದಿಲ್ಲ, ಅದು ಬೇರೆ ಮಾತು.

ಬೆಳಕು ಇಳಿಯುವಾಗ ಕೊನೆಯಲ್ಲಿ ಮೆಟ್ಟಿಲು ಇಳಿದಂತೆ ಕುಪ್ಪಳಿಸುತ್ತದೆ. 0ದಿಂದ 255ರ ಅಳತೆಯಲ್ಲಿ 3ರಿಂದ 2ಕ್ಕೆ ಬರುವುದೆಂದರೆ ಮೂರನೇ ಒಂದು ಪಾಲು ಹೋದಂತೆ, ಕಣ್ಣಿಗೆ ಹೊಡೆದು ಕಾಣುತ್ತದೆ. ಏರಿಳಿತ ಕಣ್ಣಿಗೆ ಸಮನಾಗಿ ಕಾಣುವಂತೆ ಬೆಳಕನ್ನು ಹೊಂದಿಸುವ ಗಾಮಾ ಪಟ್ಟಿ ಬಳಸಿದೆ. ಜೊತೆಗೆ 4ಕ್ಕಿಂತ ಕೆಳಗಿಳಿಸದೆ ಅಲ್ಲಿಂದ ನೇರವಾಗಿ ಉಸಿರಾಟದ ಹಳದಿಗೆ ಸೇರಿಸಿಬಿಟ್ಟೆ. ಬಟರ್ ಪೇಪರ್ ಉಳಿದದ್ದನ್ನು ಮುಚ್ಚಿಹಾಕುತ್ತದೆ.

ಬೋರ್ಡು, ಉಂಗುರ, ಸಣ್ಣಪುಟ್ಟ ಸಾಮಾನು ಎಲ್ಲ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಲಾಟೀನು, ಚಾರ್ಜರ್ ಮನೆಯದ್ದೇ. ಪ್ರೋಗ್ರಾಮ್ ಬದಲಿಸಲು ಪ್ರತಿ ಸಲ ಆಯನೂರು, ರಿಪ್ಪನ್‌ಪೇಟೆ ದಾಟಿ ಹೋಗಲು ಆಗುವುದಿಲ್ಲ. ಹಾಗಾಗಿ ದೀಪ ದಿನಕ್ಕೊಮ್ಮೆ ಸರ್ವರ್‌ನಲ್ಲಿ ಹೊಸ ಫರ್ಮ್‌ವೇರ್ ಇದೆಯಾ ಅಂತ ನೋಡಿ ತಾನೇ ಇಳಿಸಿಕೊಳ್ಳುತ್ತದೆ. ಇದನ್ನು ಮಾಡುವುದಿದ್ದರೆ ದೀಪವನ್ನು ಊರಿಗೆ ಕಳಿಸುವ ಮೊದಲೇ ಮಾಡಿ.

ಬಾಕಿ ಇರುವುದು ಒಂದೇ. ಹಗಲಿನ ಬೆಳಕಿನಲ್ಲಿ ಉಸಿರಾಟ ಸರಿಯಾಗಿ ಕಾಣುವುದಿಲ್ಲ, ಅದನ್ನೇ ಹೆಚ್ಚಿಸಿದರೆ ರಾತ್ರಿ ಜಾಸ್ತಿಯಾಗುತ್ತದೆ. ಗಂಟೆ ನೋಡಿ ಬದಲಿಸೋಣ ಅಂದರೆ ಆಷಾಢದ ಮಧ್ಯಾಹ್ನವೂ ನಮ್ಮಲ್ಲಿ ಸಂಜೆಯ ಹಾಗೇ ಇರುತ್ತದೆ. ಬೆಳಕು ಅಳೆಯುವ ಒಂದು ಎಲ್‌ಡಿಆರ್, ಒಂದು 10 ಕಿಲೊಓಮ್ ರೆಸಿಸ್ಟರ್ ಸಾಕು. ಎ0 ಪಿನ್ ಖಾಲಿ ಇದೆ, ನೋಡ್‌ಎಂಸಿಯುನಲ್ಲಿ ಅದು 3.3 ವೋಲ್ಟ್‌ವರೆಗೆ ಓದುತ್ತದೆ. ಮುಂದಿನ ಸಲ ಮಿಡಿ ತರಲು ಹೋದಾಗ ಹಾಕಿಬರಬೇಕು.